ಚಹಾ ಬಿಟ್ಟವನ ರಕ್ತ

ಈ ಭಾಗದ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಸಂಗತಿ ಇದು: ಮೇ ತಿಂಗಳ ಎರಡನೇ ಶನಿವಾರ ಇಳಕಲ್ಲಿನ ಅಯಾನ ಮುಂಜಾನೆಯ ಚಹಾ ಕುಡಿಯಲಿಲ್ಲ. ದಿನಕ್ಕೆ ಎಂಟು ಕಪ್ಪಿನ ಮನುಷ್ಯ. ತಾಯಿ ಮಾಬುಬಿ ಹಣೆ ಮುಟ್ಟಿ ನೋಡಿದಳು, ಜ್ವರವಿರಲಿಲ್ಲ.

ಇದಕ್ಕೆಲ್ಲ ಕಾರಣ ರಂಜನಾ. ಡಿಗ್ರಿ ಕಾಲೇಜಿನ ನಾಲ್ವರು ಗೆಳೆಯರು ಬೇಸಿಗೆ ರಜೆಯಲ್ಲಿ ಬಾದಾಮಿಗೆ ಹೊರಟಿದ್ದರು. "ಬರೇ ಗವಿ ಮುಂದ ನಿಂತು ಫೋಟೋ ಹೊಡಕೊಂಡ ಬರೋದೇನು? ಒಂದರೆ ಪುಣ್ಯದ ಕೆಲಸ ಮಾಡೋಣು," ಎಂದವಳೇ ಅಲ್ಲಿಯ ರಕ್ತದಾನ ಶಿಬಿರಕ್ಕೆ ಫೋನು ಮಾಡಿ ನಾಲ್ಕೂ ಹೆಸರು ಬರೆಸಿಬಿಟ್ಟಳು. ತೌಸಿಫ ಮತ್ತು ಜಯಂತ ಎದೆಯುಬ್ಬಿಸಿದರು. ಅಯಾನ ಮಾತ್ರ ಸೂಜಿಯ ಹೆಸರು ಕೇಳಿದರೇ ಬಿಸಿಲಿಗಿಟ್ಟ ಐಸ್‌ಕ್ಯಾಂಡಿಯಂತೆ ಇಳಿದುಹೋಗುವವನು.

"ನನ್ನೊಬ್ಬನ್ನ ಬಿಡ್ರಿಲೇ. ಬೇಕಾದ್ರ ಎಲ್ಲಾರ ಬ್ಯಾಗ್ ಹೊರತೇನಿ."

"ಶಿಬಿರದ ಬಾಗಲಾ ಮುಟ್ಟೂತನಕ ಒಂದ್ ಗುಟುಕು ಚಾ ಕುಡೀದ ಇರು," ಎಂದ ತೌಸಿಫ. "ನಾವ್ ಮೂರೂ ಮಂದಿ ಕೊಡ್ತೇವಿ, ನಿಂದು ಮಾಫ್. ಕುಡದಿ ಅಂದ್ರ ಮೊದಲ ನೀನ ಮಲಗಬೇಕು."

ಅಮೀನಗಡದಲ್ಲಿ ಬಸ್ಸು ನಿಂತಾಗ ಜಯಂತ ಕಿಟಕಿಯ ಕೆಳಗೇ ನಿಂತು ಚಹಾದ ಹಬೆಯನ್ನು ಮೇಲಕ್ಕೆ ಊದಿದ. "ಯಾಲಕ್ಕಿ ಹಾಕ್ಯಾನಲೇ ಅಯಾನ!" ಅಯಾನ ಕಣ್ಣು ಮುಚ್ಚಿ ಕರದಂಟು ಅಗಿದ.

ನಿಜವಾದ ಪರೀಕ್ಷೆ ಎದುರಾದದ್ದು ಗುಳೇದಗುಡ್ಡದಲ್ಲಿ, ರಂಜನಾಳ ಚಿಕ್ಕಮ್ಮ ವಿಮಲಾಬಾಯಿಯವರ ಮನೆಯಲ್ಲಿ. ಈ ಸೀಮೆಯಲ್ಲಿ ಒಬ್ಬರ ಮನೆಗೆ ಹೋಗಿ ಚಹಾ ಬೇಡವೆನ್ನುವುದೂ, ಅವರ ಮೇಲೆ ಕೇಸು ಹಾಕುವುದೂ ಹೆಚ್ಚುಕಡಿಮೆ ಒಂದೇ.

"ಒಲ್ಲೆ ಅಂದ್ರ? ನಮ್ಮ ಮನ್ಯಾಗ ಏನ್ ಕೊರತಿ ಕಂಡದಪಾ ನಿನಗ?"

"ಇಲ್ಲ ಕಾಕು, ಪಿತ್ತ ಆಗೇತಿ."

ತಪ್ಪಿದ್ದೇ ಇಲ್ಲಿ. ಪಕ್ಕದ ಮನೆಯ ಮಗ್ಗದ ಸದ್ದು ನಿಂತಿತು. ನೇಕಾರ ಶಂಕ್ರಪ್ಪ ಹೊಸ್ತಿಲಲ್ಲಿ ಪ್ರತ್ಯಕ್ಷನಾದ.

"ಎಲ್ಲೀ ಪಿತ್ತ ತಗೀರಿ ಬಾಯಾರ! ಹುಡುಗ ಸಿಟ್ಟಾಗ್ಯಾನ. ನಮ್ಮ ಅಳಿಯಾ ಹಿಂಗ ಚಾ ಒಲ್ಲೆ ಅಂದಾಂವ ಎರಡ ವರ್ಷ ಮನಿ ಕಡೆ ತಲಿ ಹಾಕಲಿಲ್ಲ."

ವಿಮಲಾಬಾಯಿಯವರ ಕಣ್ಣಲ್ಲಿ ನೀರಾಡಿತು. ಸಿಟ್ಟಿಲ್ಲವೆಂದು ಸಾಬೀತುಪಡಿಸಲು ಅಯಾನ ಜೀರಿಗೆ ಕಷಾಯ ಕುಡಿದ, ಮೂರು ಲೋಟ ಮಜ್ಜಿಗೆ ಕುಡಿದ, ಶಂಕ್ರಪ್ಪ ತಂದ ಲಿಂಬೆಹಣ್ಣಿನ ಶರಬತ್ತನ್ನೂ ಕುಡಿದ. ಆದರೂ ನಂಬದ ಶಂಕ್ರಪ್ಪ ಎದುರಿಗೆ ಕೂತು ಎರಡು ರೊಟ್ಟಿ, ಒಂದು ಬಟ್ಟಲು ಕಾಳುಪಲ್ಲೆ ತಿನ್ನಿಸಿದ. ಅಯಾನನ ಪಾಲಿನ ಚಹಾ ಹಾಳಾಗಬಾರದೆಂದು ಜಯಂತ ಅದನ್ನೂ ಕುಡಿದ. ಅದು ಅವನ ಏಳನೆಯ ಕಪ್ಪು.

ನಾಲ್ಕು ಗಂಟೆಗೆ ಬಾದಾಮಿ. ಅಯಾನ ಶಿಬಿರದ ಬಾಗಿಲನ್ನು ಕೈಯಾರೆ ಮುಟ್ಟಿ, ಯುದ್ಧ ಗೆದ್ದ ದೊರೆಯಂತೆ ಒಳಗೆ ಕಾಲಿಟ್ಟ. ಗೆಳೆಯರ ತಲೆ ನೇವರಿಸಲೆಂದು ಸ್ಟೂಲು ಎಳೆದುಕೊಂಡು ಕೂತ.

ಡಾಕ್ಟರ್ ಭಾಗ್ಯಜ್ಯೋತಿ ಮೊದಲು ತೌಸಿಫನನ್ನು ತೂಕಕ್ಕೆ ನಿಲ್ಲಿಸಿದರು. "ನಲವತ್ತಮೂರು ಕೇಜಿ! ನಲವತ್ತೈದಿಲ್ಲಂದ್ರ ತಗೊಳಂಗಿಲ್ಲಪಾ. ಮನೀಗ್ ಹೋಗಿ ಊಟಾ ಮಾಡು."

ರಂಜನಾಳ ಬೆರಳು ಚುಚ್ಚಿ ನೋಡಿದರು. "ನಿನ್ನ ಮೈಯಾಗ ರಕ್ತನ ಕಡಿಮಿ ಐತಿ. ನಿನಗ ನಾವ ಕೊಡಬೇಕವಾ."

ಜಯಂತನ ಕೈ ಹಿಡಿದವರು ಬೆಚ್ಚಿದರು. "ಎಷ್ಟ ಚಾ ಕುಡದೀಯೋ? ನಾಡಿ ಬ್ರೇಕ್ ಇಲ್ಲದ ಟಂಟಂ ಆಗೇತಿ! ಎದ್ದೇಳು." ಆಮೇಲೆ ಪಟ್ಟಿ ನೋಡಿದರು. "ನಾಕನೇ ಹೆಸರು ಯಾರದು?"

ಮೂರು ಬೆರಳು ಒಮ್ಮೆಲೇ ಸ್ಟೂಲಿನತ್ತ ತಿರುಗಿದವು.

"ನಂದು ಮಾಫ್ ಆಗೇತ್ರಿ!" ಅಯಾನ ಜಿಗಿದೆದ್ದ. "ಕೇಳ್ರಿ ಬೇಕಾದ್ರ ಇವರನ್ನ!"

"ನಾವು ಕೊಟ್ರ ಮಾಫ್ ಅಂತ ಮಾತಾಗಿತ್ತು," ಎಂದಳು ರಂಜನಾ, ವಕೀಲಳಂತೆ. "ನಾವೆಲ್ಲಿ ಕೊಟ್ಟೇವಿ?"

ತೂಕ ಸರಿಯಿತ್ತು. ರಕ್ತ ಸೊಗಸಾಗಿತ್ತು. ಡಾಕ್ಟರು ಸಿಸ್ಟರನ್ನು ಕರೆದು ತೋರಿಸಿದರು: "ನಾಡಿ ಅಂದ್ರ ಹಿಂಗಿರಬೇಕು ನೋಡ್ರಿ. ಏನ್ ಕುಡದ್ ಬಂದೀಪಾ?"

"ಮಜ್ಜಿಗಿ," ಎಂದ ಅಯಾನ, ಅಳುದನಿಯಲ್ಲಿ.

ಸೂಜಿ ಕಂಡದ್ದಷ್ಟೇ ಅವನಿಗೆ ನೆನಪು. ಕಣ್ಣು ಬಿಟ್ಟಾಗ ರಕ್ತದ ಚೀಲ ತುಂಬಿತ್ತು.

"ಸಿಸ್ಟರ್, ಈಗರೆ ಒಂದ್ ಕಪ್ ಚಾ ಕೊಡ್ರಿ."

ರಕ್ತ ಕೊಟ್ಟವರಿಗೆಂದು ಇಟ್ಟಿದ್ದ ಥರ್ಮಾಸಿನಲ್ಲಿ ಉಳಿದಿದ್ದು ಮೂರೇ ಕಪ್ಪು. ರಕ್ತ ಕೊಡಲಾಗದ ದುಃಖಕ್ಕೆ ಅದನ್ನು ಆ ಮೂವರೂ ಕುಡಿದಿದ್ದರು.

ಅಯಾನನಿಗೆ ಒಂದು ಬಾಳೆಹಣ್ಣು ಕೊಟ್ಟರು.