ಜೊತೆಯಿಲ್ಲದೆ ನೀರಿಗಿಳಿಯುವಂತಿಲ್ಲ

ನಂಜನಗೂಡಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದೆ. ಅಷ್ಟು ವರ್ಷದಲ್ಲಿ ನಗುವಂಥದ್ದು ಏನೂ ನಡೆದ ನೆನಪಿಲ್ಲ. ನಿವೃತ್ತಿಯಾಗಿ, ಮನೆಯವಳು ತೀರಿಕೊಂಡು, ಹೆಡತಲೆಯ ಮನೆಯಲ್ಲಿ ಒಬ್ಬನೇ ಆದ ಮೇಲೆ ಸಮುದ್ರದ ಮೀನು ನೋಡಲು ಹೊರಟೆ. ಅವತ್ತಿನಿಂದ ಒಂದಲ್ಲ ಒಂದು ಆಗುತ್ತಲೇ ಇದೆ. ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಕೇಳುವವರಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

೧. ಅರ್ಜಿಯ ಗೆರೆ

ನಮ್ಮ ಕಾಲೇಜಿನಲ್ಲಿ ಓದಿದ ಹುಡುಗಿಯೊಬ್ಬಳು ಕರಾವಳಿಯಲ್ಲಿ ಮುಳುಗುವುದನ್ನು ಕಲಿಸುವ ಶಾಲೆ ನಡೆಸುತ್ತಾಳೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ದಡದಿಂದಲೇ ನಡೆದು ನೀರಿಗಿಳಿದು, ಬಂಡೆಗಳ ಸಂದಿಯಲ್ಲಿರುವ ಜೀವಿಗಳನ್ನು ಗುರುತಿಸಿ ಬರೆದುಕೊಂಡು ಬರುವುದು ಅಲ್ಲಿನ ಕೆಲಸ. ಒಮ್ಮೆ ಊರಿಗೆ ಬಂದವಳು, "ಅಣ್ಣಾ, ಅಷ್ಟು ವರ್ಷ ಸೀಸೇಲಿ ಸತ್ತಿದ್ದನ್ನೇ ಒರೆಸಿದ್ರಿ. ಬದುಕಿರೋದನ್ನ ಒಂದು ಸಲ ನೋಡಿ ಬನ್ನಿ" ಎಂದಳು. ದೀಪಾವಳಿ ಕಳೆದ ಮೇಲೆ ಹೋದೆ.

ಅಲ್ಲಿ ಒಂದು ಅರ್ಜಿ ಕೊಟ್ಟರು. "ಜೊತೆಗಾರರ ಹೆಸರು" ಅಂತ ಅದರಲ್ಲಿ ಒಂದು ಗೆರೆ. ಜೊತೆಯಿಲ್ಲದೆ ಯಾರನ್ನೂ ನೀರಿಗಿಳಿಸುವುದಿಲ್ಲವಂತೆ. ಆ ಗೆರೆಯ ಮೇಲೆ ನನ್ನ ಪೆನ್ನು ಬಹಳ ಹೊತ್ತು ನಿಂತಿತು. ಕೊನೆಗೆ, ಹೋದಲ್ಲೆಲ್ಲ ನನ್ನ ಜೊತೆಗಿರುವವನು ಒಬ್ಬನೇ ತಾನೇ ಎಂದುಕೊಂಡು "ಶ್ರೀಕಂಠೇಶ್ವರ" ಎಂದು ಬರೆದೆ.

ಕೌಂಟರಿನಲ್ಲಿದ್ದ ಮನುಷ್ಯ ಆ ಕಡೆಯವನು. "ಇವರೆಲ್ಲಿದ್ದಾರೆ ಮಾರಾಯ್ರೆ?" ಎಂದು ಕೇಳಿದ.

"ಇಲ್ಲೇ ಇದ್ದಾರೆ."

"ನೀರಿನ ಅಭ್ಯಾಸ ಉಂಟಾ?"

"ತಲೆ ಮೇಲೇ ನೀರು."

"ಕಾಯಿಲೆ ಗೀಯಿಲೆ? ಮೊದಲು ವಿಷ ಗಿಷ ತೆಗೊಂಡದ್ದು ಏನಾದರೂ ಉಂಟಾ?"

ಅರ್ಜಿಯಲ್ಲಿ ಸುಳ್ಳು ಹೇಳಬಾರದು. "ಒಂದು ಸಲ ಕುಡಿದಿದ್ದಾರೆ. ಇನ್ನೂ ಗಂಟಲಲ್ಲೇ ಇದೆ" ಎಂದೆ.

ಅವನು ಪೆನ್ನು ಕೆಳಗಿಟ್ಟ. "ಹಾಗಾದ್ರೆ ಅವರನ್ನು ಬಿಡ್ಲಿಕ್ಕೆ ಆಗೂದಿಲ್ಲ. ಡಾಕ್ಟರ ಚೀಟಿ ತರ್ಲಿಕ್ಕೆ ಹೇಳಿ."

೨. ಬಣ್ಣದ ತೊಂದರೆ

ಆ ಸಲ ಹುಡುಗಿಯೇ ನನಗೆ ಜೊತೆಯಾದಳು. "ಇದೊಂದು ಸಲ ಅಣ್ಣಾ. ಮುಂದಿನ ಸಲ ನಿಮ್ಮ ಜೊತೆಗಾರರನ್ನ ನೀವೇ ಕರ್ಕೊಂಡು ಬರ್ಬೇಕು. ಇಲ್ದಿದ್ರೆ ದಡದಲ್ಲೇ ಕೂರಿಸ್ತೀನಿ" ಎಂದು ಮೊದಲೇ ಹೇಳಿಬಿಟ್ಟಳು.

ಎರಡಾಳು ಆಳ. ನೀರು ಬೆಚ್ಚಗೆ, ಆಗತಾನೆ ಕಾಯಿಸಿಟ್ಟ ಹಾಗಿತ್ತು. ಅವಳು ಬಂಡೆಯ ಮೇಲಿನ ಒಂದು ನೇರಳೆ ಹೂವನ್ನು ತೋರಿಸಿ, ನೀರಿನಲ್ಲೂ ಬರೆಯಬಹುದಾದ ಹಲಗೆಯನ್ನು ನನ್ನ ಮುಂದೆ ಹಿಡಿದಳು. ನಾನು "ಗೊತ್ತಿಲ್ಲ" ಎಂದು ಬರೆದೆ. ಚುಕ್ಕೆಚುಕ್ಕೆಯ ಕಂದು ಸೌತೆಕಾಯಿಯಂಥದ್ದನ್ನು ತೋರಿಸಿದಳು. ಗೊತ್ತಿಲ್ಲ. ಐದು ಕಾಲಿನ ಊದಾ ನಕ್ಷತ್ರ ತೋರಿಸಿದಳು. ಅದೂ ಗೊತ್ತಿಲ್ಲ.

ದಡಕ್ಕೆ ಬಂದ ಮೇಲೆ ನನಗೆ ತಲೆಯೆತ್ತಲಾಗಲಿಲ್ಲ. ಸೀಸೆ ಒರೆಸಿ ಒರೆಸಿ ನೂರಾರು ಹೆಸರು ಬಾಯಿಪಾಠ ಮಾಡಿಕೊಂಡವನು ನಾನು. ಪರೀಕ್ಷೆಯಲ್ಲಿ ಸೀಸೆ ಇಟ್ಟು "ಗುರುತಿಸಿ" ಎಂದರೆ ಇಡೀ ತರಗತಿ ನನ್ನ ಮುಖವನ್ನೇ ನೋಡುತ್ತಿತ್ತು. ಅಷ್ಟರಲ್ಲಿ ಮರಳಿನ ಮೇಲೆ ಒಂದು ಸತ್ತ ನಕ್ಷತ್ರಮೀನು ಕಂಡಿತು. ಬಿಸಿಲಿಗೆ ಬೆಳ್ಳಗಾಗಿ ಸೆಟೆದುಕೊಂಡಿತ್ತು.

"ಆಸ್ಟ್ರೋಪೆಕ್ಟೆನ್. ಎರಡನೇ ಬೀರು, ಮೇಲಿನ ಸಾಲು, ಎಡಗಡೆಯಿಂದ ನಾಲ್ಕನೆಯದು" ಎಂದೆ.

"ಅಣ್ಣಾ, ಈಗ ನೀರಲ್ಲಿ ತೋರಿಸಿದ್ದೂ ಇದೇ."

"ಅದಕ್ಕೆ ಬಣ್ಣ ಇತ್ತಲ್ಲಮ್ಮ. ನಮ್ಮ ಸೀಸೆಯಲ್ಲಿ ಎಲ್ಲಾ ಬಿಳಿ."

ಅವಳು ಹಲಗೆಯನ್ನು ಒರೆಸುತ್ತಾ ಹೇಳಿದಳು. "ಹಾಗಾದ್ರೆ ನಾಳೆಯಿಂದ ನಾನು ಮುಂದೆ ಹೋಗಿ ಎಲ್ಲವನ್ನೂ ಸಾಯಿಸ್ತಾ ಇರ್ತೀನಿ. ನೀವು ಹಿಂದೆ ಬಂದು ಹೆಸರು ಹೇಳಿ."

೩. ಗೋಡೆಯಾಚೆ

ಊರಿಗೆ ಬಂದು, ಸ್ನಾನ ಮಾಡಿ, ವಿಭೂತಿ ಹಚ್ಚಿ, ದೀಪ ಹಚ್ಚಿ, ನೋಡಿದ್ದನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಹೇಳಿದೆ. ಮನೆಯವಳಿದ್ದಾಗ ದಿನವೂ ಕಾಲೇಜಿನದ್ದು ಹೇಳುತ್ತಿದ್ದೆ. ಅವಳು ಸೊಪ್ಪು ಬಿಡಿಸುತ್ತಾ "ಹೂಂ" ಅನ್ನುತ್ತಿದ್ದಳು. ಆ ಅಭ್ಯಾಸ ಬಾಯಿಗೆ ಉಳಿದುಬಿಟ್ಟಿದೆ.

ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಕೇಳಿದರು. "ಯಾರು ಬಂದವ್ರೆ?"

"ಯಾರೂ ಇಲ್ಲ ಕಣಮ್ಮ."

"ಮತ್ತೆ ಗಿಳಿಮೀನು, ಚಿಟ್ಟೆಮೀನು ಅಂತಿದ್ರಿ?"

"ಅದಾ, ಎಲ್ಲಾ ಒಂದೇ ದಿನ ಸಿಕ್ತು."

ಆಚೆ ಕಡೆ ಕಿಟಕಿ ಮುಚ್ಚಿದ ಸದ್ದಾಯಿತು. ನಮ್ಮ ಬೀದಿಯಲ್ಲಿ ಮೊಟ್ಟೆಯನ್ನೂ ಒಳಗೆ ತರುವವರಿಲ್ಲ. ಮಾರನೆಯ ದಿನ ಬೆಳಿಗ್ಗೆ ಆಕೆ ಒಂದು ಪಾತ್ರೆ ಅವರೆಕಾಳಿನ ಹುಳಿ ತಂದು ಜಗಲಿಯ ಮೇಲಿಟ್ಟು, ನನ್ನ ಮುಖ ನೋಡದೆ ಹೇಳಿದರು. "ಒಬ್ರೇ ಅಡಿಗೆ ಮಾಡ್ಕೊಳೋದು ಕಷ್ಟ ಅಂತ ನಮಗೂ ಗೊತ್ತು. ಅದಕ್ಕೆ ಆ ದಾರಿ ಹಿಡೀಬ್ಯಾಡಿ."

ನಾಲ್ಕು ದಿನ ಹುಳಿ ಬಂತು. ಐದನೆಯ ದಿನ ನಿಂತಿತು. ದೇವರು ಮೆಚ್ಚುವ ಕೆಲಸವಲ್ಲ, ಆದರೂ ಅವತ್ತು ಸಂಜೆ ಗೋಡೆಯ ಹತ್ತಿರ ಹೋಗಿ ಇನ್ನೆರಡು ಮೀನಿನ ಹೆಸರು ಹೇಳಿದೆ.

೪. ಹೆಮ್ಮಿಗೆಯ ಉತ್ತರ

ಶಿವರಾತ್ರಿಯೊಳಗೆ ಇನ್ನೊಮ್ಮೆ ಸಮುದ್ರಕ್ಕೆ ಹೋಗಬೇಕೆಂದು ಮನಸ್ಸು ಎಳೆಯುತ್ತಿತ್ತು. ಹೋಗಬೇಕಾದರೆ ಜೊತೆ ಬೇಕು. ನನಗೆ ಉಳಿದಿರುವ ನಂಟ ಒಬ್ಬನೇ, ಹೆಮ್ಮಿಗೆಯಲ್ಲಿ ಬತ್ತ ಬೆಳೆಯುವ ಬಾಮೈದ. ಬಸ್ಸು ಹಿಡಿದು ಟಿ. ನರಸೀಪುರಕ್ಕೆ ಹೋಗಿ, ಅಲ್ಲಿಂದ ಅವನ ಗದ್ದೆಗೆ ಹೋದೆ. ಬದುವಿನ ಮೇಲೆ ಕೂತು ಎಲ್ಲವನ್ನೂ ವಿವರಿಸಿದೆ.

"ಮೀನ್ ನೋಡಕ್ಕೆ ಅಷ್ಟ್ ದೂರ ಓಗ್ಬೇಕಾ ಬಾವ? ಸಂತೇಲಿ ಗುಡ್ಡೆ ಆಕಿರ್ತಾರಲ್ಲ" ಎಂದ.

"ಬದುಕಿರೋದನ್ನ ನೋಡೋದು ಕಣಯ್ಯ."

"ಸಂತೇಲೂ ಒದ್ದಾಡ್ತಾ ಇರ್ತವೆ."

"ನೋಡಿ, ಹೆಸರು ಬರ್ಕೊಂಡು, ಬಿಟ್ಟು ಬರೋದು."

"ಇಡ್ಯಂಗಿಲ್ವಾ?"

"ಮುಟ್ಟೋ ಹಾಗೂ ಇಲ್ಲ."

ಅವನು ಗುದ್ದಲಿಗೆ ಗದ್ದ ಊರಿ ಯೋಚನೆ ಮಾಡಿದ. "ತಿನ್ನಂಗಿಲ್ಲ, ಇಡ್ಯಂಗಿಲ್ಲ, ಮುಟ್ಟಂಗಿಲ್ಲ. ಸುಮ್ನೆ ಎಸ್ರು ಬರ್ಕೊಂಡು ಓಗಾದು. ಬಾವ, ಇದನ್ನೇ ಅಲ್ವಾ ನಮ್ಮೂರ್ಗೆ ಬರೋ ಆಫೀಸರ್‌ಗೋಳೂ ಮಾಡದು? ಅದಕ್ಕೆ ನಾನ್ಯಾಕೆ ಮುಳುಗ್ಬೇಕು?"

೫. ಕಪಿಲೆಯ ಹೆಣ

ಜೊತೆ ಸಿಗಲಿ ಬಿಡಲಿ, ಅಭ್ಯಾಸ ತಪ್ಪಬಾರದು. ಹುಡುಗಿ ಕೊಟ್ಟಿದ್ದ ನೀರಿನ ಕನ್ನಡಕವನ್ನೂ ಉಸಿರಾಡುವ ಕೊಳವೆಯನ್ನೂ ತೆಗೆದುಕೊಂಡು ಒಂದು ಬೆಳಿಗ್ಗೆ ನಂಜನಗೂಡಿನ ಸ್ನಾನಘಟ್ಟಕ್ಕೆ ಹೋದೆ. ದೇವರಿಗೆ ಕೈಮುಗಿದು, ಪಂಚೆಯನ್ನು ಬಿಗಿಯಾಗಿ ಕಟ್ಟಿ, ಕಪಿಲೆಯಲ್ಲಿ ಬೋರಲು ಮಲಗಿ ಅಲ್ಲಾಡದೆ ತೇಲಿದೆ. ಅಲ್ಲಾಡಿದರೆ ಮೀನು ಓಡುತ್ತದೆ ಎಂದು ಕಲಿಸಿದ್ದರು.

ಮೇಲೆ ಜನ ಸೇರಿದ್ದು ನನಗೆ ಗೊತ್ತಾಗಲಿಲ್ಲ. ಕಿವಿ ನೀರಿನಿಂದ ಮೇಲೆ ಬಂದಾಗ ಅಷ್ಟಷ್ಟು ಕೇಳಿಸಿತು.

"ಯಾವೂರವ್ರೋ ಪಾಪ."

"ಪೈಪ್ ನೋಡ್ಲಾ. ಆಸ್ಪತ್ರೆಯಿಂದ ತಪ್ಪಿಸ್ಕೊಂಡ್ ಬಂದವ್ರೆ."

ಆಮೇಲೆ ಒಂದು ಗುರುತಿನ ದನಿ. "ಆ ಕಿವಿ ನಮ್ಮ ಅಟೆಂಡರದು." ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ಪ್ರೊಫೆಸರ್. ಅವರೂ ನಿವೃತ್ತರು, ಅವರೂ ಒಂಟಿ. ದಿನ ಬೆಳಿಗ್ಗೆ ಅಲ್ಲೇ ಈಜುವವರು.

"ಮನೆಯವ್ರಿಗೆ ಯಾರಾದ್ರೂ ಹೇಳಿ ಕಳಿಸ್ರಪ್ಪ" ಎಂದು ಒಬ್ಬರು ಅಂದರು.

ನಾನು ತಲೆಯೆತ್ತಿ, ಬಾಯಿಂದ ಕೊಳವೆ ತೆಗೆದು, "ಮನೇಲಿ ಯಾರೂ ಇಲ್ಲ ಕಣ್ರೀ" ಎಂದೆ.

ಮೆಟ್ಟಿಲ ಮೇಲಿದ್ದವರೆಲ್ಲ ಓಡಿದರು. ಪ್ರೊಫೆಸರ್ ಒಬ್ಬರೇ ನಿಂತಿದ್ದರು, ಅದೂ ನೂಕಾಟದಲ್ಲಿ ಕನ್ನಡಕ ಬಿದ್ದುಹೋಗಿದ್ದರಿಂದ ದಾರಿ ಕಾಣದೆ.

೬. ಕೂಗಿದ್ದು

ಅಲ್ಲೇ ಮೆಟ್ಟಿಲ ಮೇಲೆ, ನಡುಗುತ್ತಾ, ಸರ್ ಅವರನ್ನು ಸಮುದ್ರಕ್ಕೆ ಜೊತೆಯಾಗಿ ಬರುತ್ತೀರಾ ಎಂದು ಕೇಳಿಯೇಬಿಟ್ಟೆ. ಅವರು ನನ್ನ ಕೊಳವೆಯನ್ನು ಕೈಗೆ ತೆಗೆದುಕೊಂಡು, "ಅಷ್ಟು ವರ್ಷ ಪಾಠ ಮಾಡಿದೆ. ಒಂದನ್ನೂ ಜೀವಂತ ನೋಡಿಲ್ಲ ಕಣಯ್ಯ" ಎಂದರು. ಡಾಕ್ಟರರ ಚೀಟಿ ಮಾಡಿಸಿಕೊಂಡು ಹೊರಟೇಬಿಟ್ಟೆವು.

ಇಬ್ಬರ ಅರ್ಜಿಯನ್ನೂ ನಾನೇ ತುಂಬಿ ಸರ್ ಹತ್ತಿರ ಸಹಿ ಹಾಕಿಸಿದೆ. ಎರಡು ದಿನ ಪಾಠವಾಯಿತು. ಮೂರನೆಯ ದಿನ ಹುಡುಗಿ ಮುಂದೆ, ನಾವಿಬ್ಬರು ಹಿಂದೆ. ಜೊತೆಗಾರರು ಭುಜಕ್ಕೆ ಭುಜ ತಾಗುವಷ್ಟು ಹತ್ತಿರವಿರಬೇಕೆಂದು ಅವಳು ನಾಲ್ಕು ಸಲ ಹೇಳಿದ್ದಳು. ಆದರೆ ಸರ್ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆದೇ ನನಗೆ ಅಭ್ಯಾಸ. ನೀರಿನಲ್ಲೂ ಹಾಗೇ ಆಯಿತು. ಅವರು ನಿಂತರೆ ನಾನೂ ನಿಲ್ಲುತ್ತಿದ್ದೆ.

ಒಂದು ಬಂಡೆಯ ಸಂದಿಯಲ್ಲಿ ಆಕ್ಟೋಪಸ್ ಕೂತಿತ್ತು. ನಾವು ನೋಡುತ್ತಿದ್ದಂತೆಯೇ ಕಂದಿನಿಂದ ಕೆಂಪಿಗೆ ತಿರುಗಿತು. ಸರ್ ಅದರಿಂದ ಕಣ್ಣು ಕೀಳದೆ, ಬಲಗೈಯನ್ನು ಹಿಂದಕ್ಕೆ ಚಾಚಿ ಅಂಗೈ ಬಿಚ್ಚಿದರು. ಪ್ರಯೋಗಾಲಯದಲ್ಲಿ ಹಾಗೆ ಚಾಚಿದರೆ ಚಿಮುಟ ಕೊಡು ಎಂದರ್ಥ. ನಾನು ನನ್ನ ಸೊಂಟವನ್ನೆಲ್ಲ ತಡಕಿದೆ. ಚಿಮುಟ ಇರಲಿಲ್ಲ. ಎಲ್ಲಿಯಾದರೂ ಒಂದು ಕಡ್ಡಿ ಸಿಕ್ಕೀತೆಂದು ಬಂಡೆಯ ಆಚೆ ಬದಿಗೆ ಹೋದೆ.

ಜೊತೆಗಾರ ಕಾಣದಿದ್ದರೆ ಒಂದು ನಿಮಿಷ ಹುಡುಕಿ ಮೇಲೆ ಬರಬೇಕೆಂಬುದು ನಿಯಮ. ಸರ್ ಹುಡುಕಿದರು. ಮೇಲೆ ಬಂದರು. ಬಾಯಿಯ ಕೊಳವೆ ಕಿತ್ತು, ಅಲೆಗಳ ನಡುವೆ ಕೂಗಿದರು. "ಅಟೆಂಡರ್! ಏ ಅಟೆಂಡರ್!"

ಅಷ್ಟರಲ್ಲಿ ನಾನೂ ನಿಯಮದಂತೆ ಬಂಡೆಯ ಆಚೆ ಮೇಲೆ ಬಂದಿದ್ದೆ. "ಬಂದೆ ಸಾ" ಎಂದೆ. ಸರ್ ಮುಖ ಬೆಳ್ಳಗಾಗಿತ್ತು. ನನ್ನನ್ನು ಕಳೆದುಕೊಂಡೆ ಎಂದು ಒಬ್ಬರು ಹೆದರಿ ಎಷ್ಟೋ ಕಾಲವಾಗಿತ್ತು.

ದಡದಲ್ಲಿ ಹುಡುಗಿ ಇಬ್ಬರನ್ನೂ ನಿಲ್ಲಿಸಿ ಬೈದಳು. "ಸರ್, ಜೊತೆಗಾರರನ್ನ ಹೆಸರು ಹಿಡಿದು ಕೂಗ್ಬೇಕು. ಅಟೆಂಡರ್ ಅಂದ್ರೆ ಯಾರಿಗೆ ಗೊತ್ತಾಗುತ್ತೆ?"

ಸರ್ ಮರಳಿನ ಕಡೆ ನೋಡಿದರು. "ಹೆಸರು ಗೊತ್ತಿಲ್ಲವಮ್ಮ."

"ಮೂವತ್ತು ವರ್ಷ ಜೊತೇಲಿದ್ರಲ್ಲ ಸರ್. ನಿಮ್ಮ ಲ್ಯಾಬಲ್ಲಿ ಒಂದು ಹುಳದ ಹೆಸರನ್ನೂ ನೀವು ಮರೀತಿರಲಿಲ್ಲ."

"ಹುಳಕ್ಕೆಲ್ಲ ಚೀಟಿ ಅಂಟಿಸಿರ್ತಿದ್ವಮ್ಮ. ಇವನಿಗೆ ಅಂಟಿಸಿರಲಿಲ್ಲ."

ಹುಡುಗಿ ನಗು ತಡೆಯಲಾರದೆ ಸಿಲಿಂಡರ್ ಎತ್ತಿಕೊಂಡು ಆಚೆ ಹೋದಳು. ನಾವಿಬ್ಬರೇ ಉಳಿದೆವು. ಸರ್ ನನ್ನ ಕಡೆ ತಿರುಗಿ, "ಏನಯ್ಯ ನಿನ್ನ ಹೆಸರು?" ಎಂದು ಕೇಳಿದರು. ಹೇಳಿದೆ. ಅವರು ಅದನ್ನು ಎರಡು ಸಲ ನಿಧಾನವಾಗಿ ಹೇಳಿಕೊಂಡರು. ಮನೆಯವಳು ಹೋದ ಮೇಲೆ ನನ್ನ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಅಷ್ಟು ನಿಧಾನವಾಗಿ ಕೇಳಿರಲಿಲ್ಲ. ಅಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಹೇಗೂ ಮುಖವೆಲ್ಲ ಉಪ್ಪುನೀರೇ ಆಗಿತ್ತು.

"ನಾಳೆ ಎಷ್ಟು ಗಂಟೆಗೆ ಇಳಿಯೋದು?" ಎಂದರು ಸರ್.

"ಏಳಕ್ಕೆ ಸಾ."

"ಸರಿ. ಇನ್ಮೇಲೆ ಇಬ್ರೂ ಜೊತೆಗಾರರು. ಹಿಂದೆ ಮುಂದೆ ಇಲ್ಲ, ದೊಡ್ಡವರು ಚಿಕ್ಕವರು ಇಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು ಸಾ."

"ಹಾಗಾದ್ರೆ ಆರೂವರೆಗೆ ಕಾಫಿ ತಂದು ಎಬ್ಬಿಸು, ಅಟೆಂಡರ್."