ಹಾರನ್ ಹೊಡೆಯಬಾರದ ಸ್ಕೂಟರ್

ಗಾಬರಿಯಾದಾಗಲೂ ದನಿ ಏರಿಸಬಾರದು ಎಂದು ನಂಬಿ ಬೆಳೆದವಳು ನಾನು. ನಾನು ಓದಿದ ಕಾನ್ವೆಂಟಿನಲ್ಲಿ ಸಾಫ್ಟಾಗಿ ಸೀನುವುದನ್ನೂ ಕಲಿಸಿದ್ದರು. ಈ ವಯಸ್ಸಿನಲ್ಲಿ ನನ್ನ ಗಂಟಲು ಕೇಳಿದವರು ಇದನ್ನು ನಂಬುವುದಿಲ್ಲ. ತಪ್ಪು ನನ್ನದಲ್ಲ, ಒಂದು ಸೆಕೆಂಡ್‌ಹ್ಯಾಂಡ್ ಸ್ಕೂಟರಿನದು.

ಎಪ್ಪತ್ತರ ದಶಕ. ಯಜಮಾನರು ಮದಕರಿಪುರದಲ್ಲಿ ಮೇಷ್ಟ್ರು. ನಾನು ದುರ್ಗದ ಒಂದು ಕಾನ್ವೆಂಟ್ ಶಾಲೆಯಲ್ಲಿ ಇಂಗ್ಲಿಷ್ ಪೊಯೆಟ್ರಿ ಟೀಚರ್, ಇನ್ನೂ ಪ್ರೊಬೇಷನ್. ಬಸ್ಸಿನ ಕೃಪೆಯಿಂದ ಆಗಲೇ ಎರಡು ಸಲ ಲೇಟಾಗಿದ್ದೆ. "ಒನ್ಸ್ ಮೋರ್ ಲೇಟಾದರೆ ನೀವು ಬರಲೇಬೇಡಿ," ಎಂದಿದ್ದರು ಹೆಡ್‌ಮಿಸ್ಟ್ರೆಸ್ ಸಿಸ್ಟರ್. ಹೊಸ ಸ್ಕೂಟರಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕಾದ ಕಾಲ. ಊರಿನ ಕುರಿಗಾರ ಈರಣ್ಣನ ಸ್ಕೂಟರ್ ಮಾರಾಟಕ್ಕಿತ್ತು. ಆಗಲೇ ಹಳೇ ಕಾಲದ್ದು, ದುಂಡು ಹೊಟ್ಟೆಯದು, ನೋಡಲು ಮಾತ್ರ ವೆರಿ ಕ್ಯೂಟ್. ಯಾಕೆ ಮಾರುತ್ತೀಯ ಎಂದು ಯಜಮಾನರು ಕೇಳಿದರೆ, "ಕೆಟ್ಟಿರೋದು ನನ್ನ ಮಂಡಿ ಕಣ್ರಿ ಮೇಷ್ಟ್ರೇ, ಇಂಜಿನ್ ಅಲ್ಲ," ಎಂದ.

ಅದನ್ನೇ ಕೊಂಡೆವು. ಸೋಮವಾರ ಬೆಳಿಗ್ಗೆ ಯಜಮಾನರು ನನ್ನನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಹೊರಟರು. ಊರಾಚೆ ರಸ್ತೆ ತುಂಬ ಕುರಿ. ಯಜಮಾನರು ಹಾರನ್ ಹೊಡೆದರು. ಕುರಿಗಳು ಚದುರಲಿಲ್ಲ, ಓಡೋಡಿ ನಮ್ಮ ಹತ್ತಿರವೇ ಬಂದವು! ಮತ್ತೆ ಹೊಡೆದರು. ಹೊಲದಲ್ಲಿದ್ದವೂ ಬಂದವು. ಒಂದು ನನ್ನ ಸೆರಗು ಜಗಿಯತೊಡಗಿತು.

ಈರಣ್ಣ ಕುಂಟುತ್ತ ಓಡಿ ಬಂದ. "ಹಾರನ್ ನಿಲ್ಲಿಸ್ರೀ! ಸೊಪ್ಪು ತಂದಾಗೆಲ್ಲ ಹಂಗೇ ಹೊಡೀತಿದ್ದೆ. ಉಣ್ಣಾಕೆ ಕರೀತಾರೆ ಅಂದ್ಕಂಡಾವೆ."

"ಮೊದಲೇ ಹೇಳಬಾರದಿತ್ತೇನಪ್ಪ?" ಎಂದರು ಯಜಮಾನರು.

"ಬ್ರೇಕ್ ಕೇಳಿದ್ರಿ, ಟೈರ್ ಕೇಳಿದ್ರಿ. ಕುರಿ ವಿಚಾರ ಕೇಳಲೇ ಇಲ್ವಲ್ರೀ! ಮುಂದೆ ನಮ್ಮಣ್ಣನ ಮಂದೇನೂ ಐತೆ, ಅವಕ್ಕೂ ಇದೇ ಹಾರನ್ ಗೊತ್ತು. ಬಾಯಲ್ಲಿ ಕೂಗ್ಕಂತ ಹೋಗ್ರಿ."

"ನೀನೇ ಕೂಗೇ, ನನಗೆ ಬ್ಯಾಲೆನ್ಸ್ ತಪ್ಪುತ್ತೆ," ಎಂದರು ಯಜಮಾನರು.

"ಎಕ್ಸ್‌ಕ್ಯೂಸ್ ಮಿ!" ಎಂದೆ. ಒಂದು ಕುರಿಯೂ ತಿರುಗಲಿಲ್ಲ. "ಸೈಡ್ ಪ್ಲೀಸ್!" ಕುರಿ ಕಾಯುತ್ತಿದ್ದ ಅಜ್ಜನೊಬ್ಬ ಮಾತ್ರ ನಕ್ಕ. ಗಡಿಯಾರ ನೋಡಿಕೊಂಡೆ. ಕೆಲಸ ಹೋದಂತೆಯೇ ಅನಿಸಿತು. ಆಗ ಎಲ್ಲಿತ್ತೋ, ಹೊಟ್ಟೆಯಾಳದಿಂದ ಬಂತು: "ಹೋಯ್! ಸರೀರೋ!" ಮಂದೆ ಎರಡು ಭಾಗವಾಗಿ ದಾರಿ ಬಿಟ್ಟಿತು. ದುರ್ಗದವರೆಗೂ ಅದನ್ನೇ ಕೂಗಿದೆ.

ಶಾಲೆಯ ಗೇಟು. ಬೆಲ್ ಹೊಡೆಯುತ್ತಿದೆ. ನಡುಮಧ್ಯೆ ಸಿಸ್ಟರ್, ವಾಚ್ ನೋಡುತ್ತ. ನಮ್ಮ ಬ್ರೇಕ್ ನಿಧಾನದ್ದು. ನನ್ನ ಬಾಯಿ ನಿಧಾನಿಸಲೇ ಇಲ್ಲ. "ಹೋಯ್! ಸರೀರೋ!"

ಸಿಸ್ಟರ್ ನಿಲುವಂಗಿ ಎತ್ತಿಕೊಂಡು ಪಕ್ಕಕ್ಕೆ ಹಾರಿದರು. ಬೆಲ್ ನಿಲ್ಲುವ ಮುಂಚೆ ನಾನು ಒಳಗಿದ್ದೆ.

ಸಂಜೆ ಸಿಸ್ಟರ್ ತಮ್ಮ ಕೋಣೆಗೆ ಕರೆಸಿದರು. ಅಪಾಲಜಿ ಬಾಯಿಪಾಠ ಮಾಡಿಕೊಂಡು ಹೋಗಿ ನಿಂತೆ. ಸಿಸ್ಟರ್ ಕನ್ನಡಕದ ಮೇಲಿಂದ ನೋಡಿ, "ಸ್ಪೋರ್ಟ್ಸ್ ಡೇಗೆ ಈ ಸಲ ಮೈಕ್ ತರಿಸುವುದಿಲ್ಲ. ಯುವರ್ ವಾಯ್ಸ್ ವಿಲ್ ಡೂ," ಎಂದರು.

ಕೆಲಸ ಕಾಯಂ ಆಯಿತು. ಪೊಯೆಟ್ರಿ ಕ್ಲಾಸು ಮಾತ್ರ ಮೆಲುದನಿಯ ಇನ್ನೊಬ್ಬ ಟೀಚರಿಗೆ ಹೋಯಿತು, ನನಗೆ ಡ್ರಿಲ್ ಕ್ಲಾಸು ಬಂತು. ಅವರು ಕ್ಲಾಸ್‌ರೂಮಿನೊಳಗೆ ಬೆಳದಿಂಗಳ ಪದ್ಯ ಓದುವಾಗ ನಾನು ರಿಟೈರಾಗುವವರೆಗೂ ಮೈದಾನದ ಬಿಸಿಲಲ್ಲಿ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದೆ.