ಮಾಳಿಗೆ ಮೇಲಿನ ಹುಕ್ಕೇರಿ ರೈಲು

ನಿವೃತ್ತರಾದ ಮೂವರು ಗಂಡಸರ ಕೈಗೆ ಒಂದು ಪುಟಾಣಿ ರೈಲು ಕೊಟ್ಟು ನೋಡಿ, ವಾರಕ್ಕೊಂದು ಅವಾಂತರ ತಾನಾಗಿಯೇ ಒದಗುತ್ತದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ಹೇಳಿ ಮನೆಗೆ ಬಂದ ನಾನು, ಗೋಕಾಕದ ನಮ್ಮ ಮಾಳಿಗೆಯ ಹಾಲ್‌ ತುಂಬ ಹಳಿ ಹಾಸಿದೆ. ಮೂಡಲಗಿ ಪೇಟೆಗೂ ಹುಕ್ಕೇರಿಗೂ ರೈಲು ಬಂದಿಲ್ಲ ನೋಡಿ, ನನ್ನ ಪ್ಲೈವುಡ್ ಮೇಲೆ ಬಂದಿದೆ! ಪ್ರತಿ ರವಿವಾರ ವೇಳಾಪಟ್ಟಿ ಹಿಡಿದು, ಖರೆ ರೈಲಿನ ಹಾಗೆಯೇ ಓಡಿಸುತ್ತೇವೆ.

ಹೆಂಡತಿಗೆ ಮಾತ್ರ ಆ ಹಾಲ್ ಹೊಲಿಗೆ ಕ್ಲಾಸಿಗೆ ಬೇಕು. "ಒಂದ ರವಿವಾರ, ಒಂದಾದ್ರೂ ರವಿವಾರ ಎಲ್ಲಾ ಗಾಡಿ ಟೈಮಿಗೆ ಓಡಿಸಿ ತೋರಸ್ರಿ. ಇಲ್ಲಾಂದ್ರ ಯುಗಾದಿಗೆ ಎಲ್ಲಾ ಬಿಚ್ಚೂದು" ಎಂದು ಗಡುವು ಕೊಟ್ಟಳು.

ಕೈ ಎತ್ತಿದವ

ನಮ್ಮ ಗಾರ್ಡ್ ಮೂಡಲಗಿಯವನು, ಬಸ್ ಕಂಡಕ್ಟರಾಗಿ ನಿವೃತ್ತನಾದವ. ಒಂದು ದಿನ ಮೂಡಲಗಿ ಬಿಟ್ಟ ಗಾಡಿ ನಡುದಾರಿಯಲ್ಲಿ ನಿಂತಿತು. ನಾನು ತಂತಿ, ಸ್ವಿಚ್ಚು ಎಲ್ಲ ತಡಕಾಡಿದೆ.

"ಏನೂ ಕೆಟ್ಟಿಲ್ರಿ ಸರ, ನಾನ ನಿಲ್ಲಿಸೇನಿ. ತುಕ್ಕಾನಟ್ಟಿ ಹೊಲದಾಗ ಯಾರೋ ಕೈ ಮಾಡಾಕತ್ತಾರ."

ಹಳಿಯ ಬಾಜೂಕ ನಾನೇ ಅಂಟಿಸಿದ್ದ ಪ್ಲಾಸ್ಟಿಕ್ ರೈತ!

"ಅಂವಾ ಎರಡ ವರ್ಷದಿಂದ ಕೈ ಎತ್ತಿಕೊಂಡ ನಿಂತಾನೋ ಮಾರಾಯಾ!"

"ಮತ್ತ ನೋಡ್ರಿ, ಎರಡ ವರ್ಷ ಆತು, ಒಬ್ಬರೂ ಹತ್ತಿಸಿಕೊಂಡಿಲ್ಲ!"

ಬೆಲ್ಲದ ವ್ಯಾಗನ್

ಹುಕ್ಕೇರಿ ಸ್ಟೇಷನ್ ನೋಡಿಕೊಳ್ಳುವವರು ಬೆಲ್ಲದ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಜೈನ ವ್ಯಾಪಾರಿ, ನಮಗೆಲ್ಲ ಕಾಕಾ. ನಮ್ಮಲ್ಲಿ ಒಂದೊಂದು ವ್ಯಾಗನ್ನಿಗೂ ಏನು ಮಾಲು, ಎಲ್ಲಿಗೆ ಎಂಬ ಚೀಟಿ ಇರುತ್ತದೆ. ಒಮ್ಮೆ ಗೋಕಾಕಕ್ಕೆ ಹೊರಡಬೇಕಾದ ಬೆಲ್ಲದ ವ್ಯಾಗನ್ ಅನ್ನು ಕಾಕಾ ಬಿಡಲೇ ಇಲ್ಲ.

"ಇವತ್ತ ರೇಟ್ ಬಿದ್ದೈತಿ ಸರ. ಎರಡ ದಿನ ತಡೀರಿ."

"ಕಾಕಾ, ಅದರಾಗ ಬೆಲ್ಲಾನ ಇಲ್ರಿ. ಖಾಲಿ ಡಬ್ಬಿ ಅದು!"

ಕಾಕಾ ಚಷ್ಮಾ ತೆಗೆದು ನನ್ನನ್ನೇ ನೋಡಿದರು. "ಖಾಲಿ ಡಬ್ಬಿ ಮ್ಯಾಲ ಬೆಲ್ಲ ಅಂತ ಚೀಟಿ ಹಚ್ಚತೀರಿ? ಕಲಿತ ಮಂದಿ ಹಿಂಗ ಮಾಡಿದ್ರ ಹೆಂಗ್ರಿ?"

ಕೊನೆಯ ಗಾಡಿ

ಗಡುವಿನ ಕೊನೆಯ ರವಿವಾರ ಬಂತು. ಗಾಡಿ ತಡೆಯುವುದಿಲ್ಲ ಎಂದು ಗಾರ್ಡ್, ಕಾಕಾ ಇಬ್ಬರಿಂದಲೂ ಆಣೆ ಮಾಡಿಸಿಕೊಂಡೆ. ಹೆಂಡತಿ ಕಣ್ಣಾರೆ ನೋಡಲಿ ಎಂದು ಅವಳನ್ನೇ ಗೋಕಾಕದ ಸ್ಟೇಷನ್ ಮಾಸ್ತರ್ ಆಗಿ ಕೂರಿಸಿದೆ. "ಗಾಡಿ ಬಿಡ್ಲೇನು ಅಂತ ಹುಕ್ಕೇರಿಯಿಂದ ಫೋನ್ ಬರ್ತೈತಿ. ಬಿಡ್ರಿ ಅನ್ನು, ಸಾಕು."

ಎಲ್ಲ ಗಾಡಿಗಳೂ ಗಡಿಯಾರ ನುಂಗಿದಂತೆ ಓಡಿದವು. ಕೊನೆಯ ಹುಕ್ಕೇರಿ ಪ್ಯಾಸೆಂಜರ್ ಒಂದೇ ಬಾಕಿ; ಅದು ಹನ್ನೆರಡು ಗಂಟೆಗೆ ಗೋಕಾಕ ಮುಟ್ಟಿದರೆ ನನ್ನ ಹಳಿ ಉಳಿದಂತೆ. ನಾಲ್ಕೇ ಅಡಿ ದೂರ ಕೂತಿದ್ದ ಕಾಕಾ ಫೋನ್ ಎತ್ತಿದರು.

"ಗಾಡಿ ಬಿಡ್ಲೇನ್ರಿ ವೈನಿ?"

"ಬಿಡೂಣಂತ ತಡೀರಿ. ಮನ್ಯಾಗ ಎಲ್ಲಾರೂ ಆರಾಮ? ಅಕ್ಕಾರ ಮೊಣಕಾಲ ಬ್ಯಾನಿ ಹೆಂಗೈತಿ?"

"ಎಣ್ಣಿ ಹಚ್ಚಾಕತ್ತಾರ್ರಿ. ಗುಣಾ ಇಲ್ಲ."

"ಯಾವ ಎಣ್ಣಿ?"

ನಾನು ಗಡಿಯಾರ ತೋರಿಸಿದೆ, ಕೈ ಮುಗಿದೆ. ಅವಳು ಫೋನಿಗೆ ಕೈ ಅಡ್ಡ ಇಟ್ಟು ಗದರಿದಳು: "ಆರಾಮ ಅದೀರೇನು ಅಂತ ಕೇಳದ ಬರೇ 'ಬಿಡ್ರಿ' ಅಂದ್ರ ಚಂದ ಕಾಣತೈತೇನು?"

ಗಾಡಿ ಹದಿಮೂರು ನಿಮಿಷ ಲೇಟ್. ನಾನು ಸ್ಕ್ರೂ ಡ್ರೈವರ್ ತಂದು ಮೊದಲ ಹಳಿಗೆ ಹಚ್ಚಿದೆ.

"ಕೈ ತಗೀರಿ!" ಎಂದಳು. "ಲೇಟ್ ಆದದ್ದು ನನ್ನ ಸ್ಟೇಷನ್ನಾಗ. ನನ್ನ ಹೆಸರ ಕೆಡಿಸಿ ಬಿಚ್ಚತೀರೇನು? ಮುಂದಿನ ರವಿವಾರ ಮತ್ತ ಓಡಸೂಣು!"

ಹಳಿ ಉಳಿಯಿತು, ಹಾಲ್ ಅವಳದಾಯಿತು. ಹೊಲಿಗೆ ಯಂತ್ರಗಳು ನನ್ನ ಓದುವ ಕೋಣೆಗೆ ಬಂದವು. ಈಗ ರವಿವಾರ ಅವಳು ಮೇಲೆ ರೈಲು ಬಿಡುತ್ತಾಳೆ, ನಾನು ಕೆಳಗೆ ಉಪ್ಪಿಟ್ಟು ತಿರುವುತ್ತೇನೆ. ಹೋದ ವಾರ ಮಾಳಿಗೆಯಿಂದ ಕೂಗು ಬಂತು:

"ಉಪ್ಪಿಟ್ಟು ಐದ ನಿಮಿಷ ಲೇಟ್ ಐತಿ. ಯಾಕ ಅಂತ ಬರದ ಕೊಡ್ರಿ!"